ಎರಡು ಎತ್ತರ

ಕುತೈಸಿಯ ನಾಲ್ಕನೇ ಮಹಡಿಯಲ್ಲಿ ಟೇಪು ಬಿಚ್ಚಿದೆ.
ಕ್ಯಾಟಲಾಗಿನ ಕಟ್ಟೆ ತೊಂಬತ್ತು ಸೆಂಟಿಮೀಟರು;
ಅದಕ್ಕೆ ಅತ್ತೆಯೂ ಗೊತ್ತಿಲ್ಲ, ಸೊಸೆಯೂ ಗೊತ್ತಿಲ್ಲ.

ನತೇಲಾಗೆ ಹಿಟ್ಟು ನಾದಲು ಎಪ್ಪತ್ತೆಂಟು ಸಾಕು,
ಮೈಭಾರವೆಲ್ಲ ಅಂಗೈಗೆ ಇಳಿಯಬೇಕಂತೆ.
ಖಾತುನಾಗೆ ತೊಂಬತ್ತಾರು:
ಬಗ್ಗಿ ಬಗ್ಗಿ ಸೊಂಟ ಬಿದ್ದಿದೆ.
"ಯಾರ ಮೊಳ ಹಿಡಿದು ಅಳೆಯುತ್ತೀ?"
ಇಬ್ಬರೂ ಕೇಳಿದರು, ಒಬ್ಬರನ್ನೊಬ್ಬರು ನೋಡದೆ.

ನಡುವೆ ಎಂಬತ್ತೇಳು ಬರೆದೆ. ಅಳಿಸಿದೆ.
ಸರಾಸರಿ ಎತ್ತರದ ಹೆಂಗಸು ಈ ಮನೆಯಲ್ಲಿಲ್ಲ.

ಕೊನೆಗೆ ಕಲ್ಲಿಗೇ ಒಂದು ಮೆಟ್ಟಿಲು ಕೊಟ್ಟೆ.
ಒಂದು ಡ್ರಾಯರು ಹೋಯಿತು,
ಕಲ್ಲು ಕೊಯ್ಯುವವನು ಬೈದ.

ಮೊನ್ನೆ ಸಡಿಲವಾದ ಕೀಲು ಬಿಗಿಯಲು ಹೋದಾಗ
ಖಾತುನಾಳ ಕಡೆಯಿಂದ ಅಕ್ರೋಟೊಂದು ಉರುಳಿ
ಟಕ್ಕೆಂದು ಕೆಳಕಟ್ಟೆಗೆ ಬಿತ್ತು.
ನತೇಲಾ ತಲೆಯೆತ್ತಲಿಲ್ಲ.
ಹಿಟ್ಟಿನ ಕೈಯಲ್ಲೇ ಒಡೆದು
ಅರ್ಧ ಮೇಲಿಟ್ಟಳು.