ಎಲ್ಲಿಯ ಹರಿವೆ

ಕಾರವಾರದ ಭಾನುವಾರದ ಸಂತೆಯಲ್ಲಿ ಕೇಳುತ್ತಾರೆ,
"ಎಲ್ಲಿ ಹರಿವೆಯೇ ಇದು?"
ಬುದವಂತಿ ಕಟ್ಟಿನ ಬಾಳೆನಾರು ಬಿಗಿಯುತ್ತ
"ಅಮದಳ್ಳಿದು" ಅನ್ನುತ್ತಾಳೆ.
ಮೂರು ವರ್ಷದಿಂದ ಸಂತೆಯ ಮಟ್ಟಿಗೆ ಅವಳೂರು ಅದೇ.

ನಿಜದ ಊರಿಗೆ ನಸುಕಿನಲ್ಲಿ ನಗರಸಭೆ ಲಾರಿ ಬರುತ್ತದೆ,
ಹಿಂದೆಯೇ ಹದ್ದು.
ಬಾವಿನೀರು ಸೇದಿಟ್ಟರೆ
ಮೇಲೆ ನವಿಲುಬಣ್ಣದ ಕೆನೆ.
ಚಂದ ಕಂಡು ಮೊಮ್ಮಗ ಪುರಸು
ಬೆರಳಲ್ಲಿ ಒಡೆದು ಒಡೆದು ಆಡುತ್ತಾನೆ.
ಬೆರಳ ಸಂದಿಯಲ್ಲಿ ತುರಿ.
ತಿಪ್ಪೆಗೆ ಬೆಂಕಿ ಬಿದ್ದ ರಾತ್ರಿ
ಅವನೆದೆಯೊಳಗೆ ಯಾರೋ ಗರಗಸ ಎಳೆದ ಹಾಗೆ.
ಹೊಗೆಯಿಂದ ದೂರ ಇಡಿ, ಎಂದರು ಡಾಕ್ಟರು.
ಎಷ್ಟು ದೂರ
ಕೇಳುವಷ್ಟರಲ್ಲಿ ಮುಂದಿನ ಚೀಟಿ ಕೂಗಿದರು.

ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರು
ಹೋದದ್ದೇ.
ಹರಿವೆ ಮಾತ್ರ ಎಂದೂ ಇಲ್ಲದ ಕೆಂಪು,
ಸೊಂಟದೆತ್ತರ.
ಮಾರಿದ್ದನ್ನೇ ಮನೆಯಲ್ಲೂ ಬೇಯಿಸುತ್ತಾಳೆ
ಅದೊಂದು ಲೆಕ್ಕ ಅವಳದು.

"ಚೀಲ ತರಲಿಲ್ಲ, ಒಂದು ಕೊಟ್ಟೆ ಕೊಡೇ."
ಕೊಡುತ್ತಾಳೆ, ನೀಲಿಯದು.
ದಂಟಿನ ನಾರು, ಬಂಗಡೆಯ ತಲೆ,
ಯಾರದೋ ಮಗುವಿನ ಡೈಪರು ತುಂಬಿಕೊಂಡು
ಬುಧವಾರದೊಳಗೆ ಅದು
ಕೊಟ್ಟವಳ ಮನೆ ಹುಡುಕಿ ಬರುತ್ತದೆ.

ಅಮದಳ್ಳಿಗಲ್ಲ.