ಹೆಚ್ಚುವರಿ ಹಾಳೆ

ಮೇ ತಿಂಗಳು, ಕಲಬುರಗಿ, ಮಧ್ಯಾಹ್ನ ಎರಡೂವರೆ.
ಮೌಲ್ಯಮಾಪನ ಕೇಂದ್ರದ ಕೂಲರು ಕೊಡ ನೀರು ಕುಡಿದು
ಬಿಸಿಗಾಳಿಯನ್ನೇ ಒದ್ದೆ ಮಾಡಿ ಉಗುಳುತ್ತದೆ.
ಚಪ್ಪಲಿ ಬಿಟ್ಟು ಶಹಾಬಾದಿ ಫರಸಿಗೆ ಪಾದ ಊರಿ
ನಲವತ್ತನೆಯ ಉತ್ತರಪತ್ರಿಕೆ ತೆರೆದೆ.

ಹೆಸರಿಲ್ಲ, ಊರಿಲ್ಲ, ಬರೀ ಸಂಕೇತ ಸಂಖ್ಯೆ.
ಪ್ರಶ್ನೆ ಏಳು: ಫ್ರೀ ಸಾಯಿಲ್ ಪಕ್ಷದ ಗುರಿ ಮತ್ತು ದೋಷಗಳನ್ನು ವಿವರಿಸಿ.
ಗುರಿಗೆ ಐದು, ದೋಷಕ್ಕೆ ಐದು.
ಮಾದರಿ ಉತ್ತರ ಪಕ್ಕದಲ್ಲೇ ಇದೆ, ಪೇಪರ್‌ವೇಟಿನ ಕೆಳಗೆ.

ಅಕ್ಷರ ದುಂಡಗೆ, ಕಾಗುಣಿತ ಅಲ್ಲಲ್ಲಿ ಕುಂಟು:
'ಅಮೇರಿಕದಾಗ ಹದಿನೆಂಟು ನೂರಾ ನಲವತ್ತೆಂಟರಲ್ಲಿ ಹುಟ್ಟಿತು.
ಹೊಸ ಸೀಮೆಗೆ ಗುಲಾಮಗಿರಿ ಬರಬಾರದು ಎಂದಿತು.
ಬಿಡುಗಡೆಯ ನೆಲ, ಬಿಡುಗಡೆಯ ಮಾತು,
ಬಿಡುಗಡೆಯ ದುಡಿಮೆ, ಬಿಡುಗಡೆಯ ಮನುಷ್ಯ.'
ಸರಿ. ಟಿಕ್. ಟಿಕ್.
'ಹಳೇ ಸೀಮೆಯ ಸಂಕೋಲೆ ಮುಟ್ಟಲಿಲ್ಲ.
ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು
ಗುಲಾಮನಿಲ್ಲದ ಹೊಲ. ಗುಲಾಮನಿಗೆ ಹೊಲ ಅಲ್ಲ.
ಆರು ವರ್ಷಕ್ಕೆ ಬೇರೆ ಪಕ್ಷದಲ್ಲಿ ಕರಗಿತು.'
ಟಿಕ್.

ಮಾದರಿ ಉತ್ತರ ಇಲ್ಲಿಗೆ ಮುಗಿಯಿತು.
ಹುಡುಗನೋ ಹುಡುಗಿಯೋ, ಮುಗಿಸಿಲ್ಲ,
ಹೆಚ್ಚುವರಿ ಹಾಳೆ ಕೇಳಿ, ಬಿಳಿ ದಾರದಿಂದ ಕಟ್ಟಿ:

'ನಮ್ಮೂರಿನಲ್ಲಿ ಉಳುವವನೇ ಒಡೆಯ ಅಂದರು.
ನಮ್ಮ ಮುತ್ಯಾ ಉಳುತ್ತಿದ್ದ.
ಪಹಣಿಯಲ್ಲಿ ಉಳುವವನ ಹೆಸರು ಬೇರೆ ಇತ್ತು.
ಕಾಯ್ದೆ ಖರೇನೇ ಚಲೋ ಇತ್ತು ಸರ್, ಆದರೆ'

ಮುಂದೆ ಇಲ್ಲ. ಗಂಟೆ ಹೊಡೆದಿರಬೇಕು.

'ಪ್ರಶ್ನೆಗೆ ಸಂಬಂಧ ಇಲ್ಲದ್ದು, ಗೆರೆ ಎಳೀರಿ'
ಎಂದರು ದೇವೀಂದ್ರಪ್ಪ ಸರ್, ಕನ್ನಡಕ ಒರೆಸುತ್ತ.
ಲಾಡ್ಲೇಸಾಬ ಚಾ ಇಟ್ಟು ಹೋದ.

ನಮ್ಮಪ್ಪನ ಹೆಸರಿತ್ತು ಪಹಣಿಯಲ್ಲಿ.
ಎಪ್ಪತ್ತಾರರ ಒಂದು ಮುಂಜಾನೆ ಇಸ್ತ್ರಿಯ ಧೋತರ ಉಟ್ಟು
ಸೇಡಂನ ಟ್ರಿಬ್ಯೂನಲ್ಲಿಗೆ ಹೋಗಿ
ನಾಲ್ಕೆಕರೆ ಹತ್ತು ಗುಂಟೆಯ ಒಡೆಯನಾಗಿ ಬಂದ.
ಮನೆಯಲ್ಲಿ ಹೋಳಿಗೆ.
ಸಾಯಬಣ್ಣ ಅಂದೂ ನೇಗಿಲು ಇಳಿಸಿ, ಎತ್ತು ಕಟ್ಟಿ,
ಹೊರಗಿನ ಕಟ್ಟೆಯಲ್ಲಿ ಕೂತು ಎರಡು ತಿಂದ.
'ಚಲೋ ಆಯ್ತು ಬಿಡ್ರಿ' ಅಂದ.
ನನಗಾಗ ಒಂಬತ್ತು ವರ್ಷ.

ಆ ನೆಲದ ತೊಗರಿಯಲ್ಲೇ ನಾನು ಎಂ.ಎ. ಓದಿದ್ದು.
ಮೂವತ್ತು ವರ್ಷ ಗುರಿ ಬೇರೆ ದೋಷ ಬೇರೆ ಬರೆಸಿದೆ,
ನಡುವೆ ಒಂದು ಅಡ್ಡಗೆರೆ.
ಸಾಯಬಣ್ಣನ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ, ಕೇಳಿಲ್ಲ.

ಇತಿಹಾಸದಲ್ಲಿ ಹತ್ತಕ್ಕೆ ಹತ್ತು ಕೊಡುವ ಪದ್ಧತಿ ಇಲ್ಲ.
ಎಂಟು ಹಾಕಿದೆ. ಹೊಡೆದು ಒಂಬತ್ತು ಮಾಡಿ ಪಕ್ಕದಲ್ಲಿ ಸಹಿ.
ಹೆಚ್ಚುವರಿ ಹಾಳೆಗೆ ಗೆರೆ ಎಳೆಯಲಿಲ್ಲ,
ಓದಿದ್ದೇನೆ ಎಂಬ ಗುರುತನ್ನೂ ಹಾಕಲಿಲ್ಲ.
ದಾರ ಸಡಿಲಾಗಿತ್ತು, ಬಿಗಿದು ಕಟ್ಟಿದೆ.

ಚಾ ಮೇಲೆ ಕೆನೆ ಕಟ್ಟಿತ್ತು.
ಫರಸಿ ಇನ್ನೂ ತಣ್ಣಗಿತ್ತು, ಪಾದ ಇಟ್ಟಷ್ಟು ಜಾಗ ಬಿಟ್ಟು.