ಬಟ್ಟಲು ತೊಳೆಯುವ ಸರದಿ

ವಾಲ್ಸಾಲ್ ಊರಿನ ಕಲ್ಲಿನ ಚರ್ಚು, ಹಿಂಬದಿಯ ಕೋಣೆ.
ಭಾನುವಾರ, ಹನ್ನೆರಡು ದಾಟಿದೆ. ಬಿಸಿನೀರು ಬರಬೇಕಾದರೆ
ನಲ್ಲಿ ಮೂರು ಸಲ ಕೆಮ್ಮಬೇಕು.
ವರ್ಲೀನ್ ಪಿನ್ನಕ್ ತೊಳೆಯುತ್ತಾಳೆ, ನಾನು ಒರೆಸುತ್ತೇನೆ.
ಎಂಬತ್ತಾರು ಅವಳಿಗೆ. ಬೆಳ್ಳಿ ಬಟ್ಟಲ ಅಂಚನ್ನು
ಹಸುಗೂಸಿನ ಕಿವಿಯ ಹಿಂದೆ ಉಜ್ಜುವ ಹಾಗೆ ಉಜ್ಜುತ್ತಾಳೆ.

"ಇದೇ ಬಾಗಿಲು," ಅಂದಳು ಒಂದು ದಿನ, ನೀರಿನ ಸದ್ದಿನ ನಡುವೆ,
"ಅರವತ್ತೊಂದರ ಜನವರಿ. ಜಮೈಕಾದಿಂದ ತಂದ
ಹಳದಿ ಟೋಪಿ ಹಾಕಿದ್ದೆ. ಪಾದ್ರಿ ಕೈ ಕುಲುಕಿದ, ಮೆತ್ತನೆ ಕೈ.
ಬಂದದ್ದು ಸಂತೋಷ, ಮುಂದಿನ ವಾರ ಬರಬೇಡಿ,
ನಮ್ಮವರಿಗೆ ಮುಜುಗರ, ಅಂದ."
ನಕ್ಕಳು. "ಬೈದಿದ್ದರೆ ಮರೆಯುತ್ತಿದ್ದೆನೇನೋ.
ಎಷ್ಟು ಮರ್ಯಾದೆಯಿಂದ ಹೇಳಿದ ಗೊತ್ತಾ!"

ಆಮೇಲೆ ಇಪ್ಪತ್ತು ವರ್ಷ ದೇವರು
ಅವಳ ಬಾಡಿಗೆ ಕೋಣೆಯಲ್ಲೇ ಇದ್ದ,
ಸೀಮೆಎಣ್ಣೆ ಒಲೆಯ ಹೊಗೆ ಕುಡಿದು,
ಹನ್ನೊಂದು ಒದ್ದೆ ಕೋಟುಗಳ ನಡುವೆ
ಮೊಣಕಾಲು ಮಡಚಿ ಕೂತು.
ಇಲ್ಲಿ ಅವನ ಹೆಸರಿನ ಗಂಟೆ ಮಾತ್ರ ಹೊಡೆಯುತ್ತಿತ್ತು.

ಹೋದ ಲೆಂಟಿನಲ್ಲಿ ಹೊಸ ಪಾದ್ರಿ, ಫಿಲಿಪಾ ಎಂಬ ಹುಡುಗಿ,
ಪಶ್ಚಾತ್ತಾಪದ ಆರಾಧನೆ ಇಡೋಣ ಎಂದು ಕಾಗದ ತಂದಳು.
ವರ್ಲೀನ್ ಕನ್ನಡಕ ಏರಿಸಿ ಓದಿದಳು.
"ನೋವಾಗಿದ್ದರೆ ಅಂತ ಯಾಕೆ ಬರೆದೆ ಮಗಳೇ? ಆಗಿದೆ.
ವೇದಿಯ ಮುಂದೆ ಬೇಡ, ಅಲ್ಲಿ ಎಲ್ಲರೂ ಒಳ್ಳೆಯವರೇ.
ಎಲ್ಲಿ ಹೇಳಿದರೋ ಅಲ್ಲೇ ಹೇಳಿ.
ನಾನು ಹೊರಗೆ ನಿಲ್ಲುತ್ತೇನೆ. ನೀವೂ ಹೊರಗೆ ಬನ್ನಿ."

ಬಂದೆವು. ಆಲಿಕಲ್ಲು ಬೆರೆತ ತುಂತುರು.
ಡೆರಿಕ್ ಹ್ಯಾಡನ್, ತೊಂಬತ್ತರ ಮುದುಕ, ಕೋಲು ಊರಿ ಮುಂದೆ ಬಂದ.
"ಅವತ್ತು ನಿಮ್ಮ ಹಿಂದೆಯೇ ನಿಂತಿದ್ದೆ. ಹಳದಿ ಟೋಪಿ.
ಎಲ್ಲ ಕೇಳಿಸಿತು. ಸುಮ್ಮನಿದ್ದೆ."
ಒಂದು ಬಸ್ಸು ಹೋಯಿತು. ಮತ್ತೊಂದು.
ಕ್ಷಮಿಸಿದೆ ಅನ್ನಲಿಲ್ಲ ಅವಳು. "ಕೇಳಿಸಿಕೊಂಡೆ" ಅಂದಳು.
ಹೊಸ್ತಿಲು ಮೊದಲು ದಾಟಿದ್ದು ಅವಳು.
ನಾವು ಹಿಂದೆ ಹೋದೆವು, ಮನೆಯವರ ಹಾಗಲ್ಲ,
ಬರಬಹುದೇ ಎಂದು ಕೇಳುವವರ ಹಾಗೆ.

ನನ್ನ ಕೈಯನ್ನೂ ಬೇಡ ಎಂದವರಿದ್ದಾರೆ ಇಲ್ಲಿ,
ಎಂಟನೇ ವಾರ್ಡು, ರಾತ್ರಿ ಪಾಳಿ: ಬೇರೆ ನರ್ಸನ್ನು ಕಳಿಸಿ, ಬಿಳಿಯವಳನ್ನು.
ಅದನ್ನು ಹೇಳಲು ನಾಲಿಗೆ ಸಲೀಸು.
ಇನ್ನೊಂದಿದೆ, ಗಂಟಲು ದಾಟುವುದಿಲ್ಲ.

ಬೆಟಗೇರಿ. ನಮ್ಮ ದೇವಾಲಯ.
ಮುಂದಿನ ಬೆಂಚು ನಮ್ಮದು, ನೇಕಾರರಿಂದ ಬಂದವರದು.
ಕೊನೆಯ ಬೆಂಚಿನವರು ಎಲ್ಲಿಂದ ಬಂದವರು
ಎಂದು ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.
ಒಂದೇ ಬಟ್ಟಲು; ನಾವು ಮೊದಲು, ಅವರು ಕಡೆಗೆ.
ಒಮ್ಮೆ ಎಸ್ತರವ್ವ, ನನ್ನದೇ ವಯಸ್ಸು, ಹೊಸ ಬಿಳಿ ಸೀರೆ,
ಸಾಲು ತಪ್ಪಿ ನನಗಿಂತ ಮುಂದೆ ಮೊಣಕಾಲೂರಿದಳು.
ಅವಳು ಕುಡಿದ ಬಟ್ಟಲು ನನ್ನತ್ತ ಬಂತು.
ತುಟಿ ತಾಗಿಸಿದ ಹಾಗೆ ಮಾಡಿದೆ.
ಕುಡಿಯಲಿಲ್ಲ.
ಅವಳು ನೋಡಿದಳು.

ಸ್ವಾಮಿ, ಆವತ್ತು ನಾನು ದೂರ ತಳ್ಳಿದ್ದು
ಅವಳ ಎಂಜಲನ್ನಲ್ಲ.

"ಒರೆಸಿದ್ದು ಸಾಕು," ಅಂದಳು ವರ್ಲೀನ್,
"ಬಟ್ಟಲು ಒಣಗಿ ಎಷ್ಟೋ ಹೊತ್ತಾಯಿತು."
ಹೇಳಿದೆ. ಎಲ್ಲ ಹೇಳಿದೆ.
ಅವಳು ತಲೆ ಸವರಲಿಲ್ಲ. ನಲ್ಲಿ ನಿಲ್ಲಿಸಿದಳು.
"ಇದನ್ನು ನನಗೆ ಯಾಕೆ ಹೇಳುತ್ತೀ?
ಆ ಹುಡುಗಿಗೆ ಬಾಗಿಲಿಲ್ಲವೇ?"

ಇದೆ. ಅಂಗನವಾಡಿಯ ಪಕ್ಕ, ನೀಲಿ ಬಣ್ಣದ್ದು, ಅಂತಾರೆ.
ಏಪ್ರಿಲ್‌ಗೆ ಟಿಕೆಟು ತೆಗೆದಿದ್ದೇನೆ.
"ಇದ್ದರೆ" ಇಲ್ಲದ ಒಂದೇ ಒಂದು ವಾಕ್ಯವನ್ನು
ರಾತ್ರಿ ಪಾಳಿಯಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ.
ಅವಳು ತೆರೆಯದೆ ಹೋದರೆ ಮೆಟ್ಟಿಲ ಮೇಲೆ ನಿಂತು ಹೇಳಬೇಕು.
ಒಂದು ಲೋಟ ನೀರು ಕೊಟ್ಟಾಳೆಂದು
ಎಣಿಸುವ ಹಕ್ಕು ನನಗಿಲ್ಲ.